ಬರೆದದ್ದು ಉಳಿಯಬೇಕಾದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬರವಣಿಗೆಯ ಸಲಕರಣೆಗಳನ್ನು ಕುರಿತವು. ಓಲೆಗರಿ ಕೈಯಲ್ಲಿ ಹಿಡಿದು ಕೇಳಿದವರಿದ್ದಾರೆ, ತೆರೆದುಕೊಳ್ಳದ ಫೈಲು ಹಿಡಿದು ಕೇಳಿದವರೂ ಇದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಹಳೆಯ ಸಲಕರಣೆಯಿಂದ ಶುರು ಮಾಡಿ ಉತ್ತರಿಸಿದ್ದೇವೆ.

ಅಟ್ಟ ಇಳಿಸುವಾಗ ತಾಳೆಗರಿಯ ಎರಡು ಕಟ್ಟು ಸಿಕ್ಕಿವೆ. ಗೀರು ಗೀರಾಗಿ ಅಕ್ಷರ ಇರುವಂತೆ ಕಾಣುತ್ತದೆ, ಓದಲು ಆಗುತ್ತಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಬಹುದೇ? ಫೋಟೋ ತೆಗೆಯುವುದು ಹೇಗೆ? — ಶಿರಸಿಯ ಓದುಗರು

ಒದ್ದೆ ಬಟ್ಟೆ ಖಂಡಿತ ಬೇಡ. ಗರಿ ನೀರು ಹೀರಿ ಉಬ್ಬುತ್ತದೆ, ಒಣಗುವಾಗ ಮುರುಟಿ ನಾರಿನ ಉದ್ದಕ್ಕೆ ಸೀಳುತ್ತದೆ.

ಅಕ್ಷರ ಕಾಣದಿರುವುದಕ್ಕೆ ಕಾರಣ ಸರಳ. ನಮ್ಮ ಕಡೆಯ ಓಲೆಗಳಲ್ಲಿ ಹೆಚ್ಚಿನವನ್ನು ಮಸಿಯಲ್ಲಿ ಬರೆದಿಲ್ಲ, ಕಂಠವೆಂಬ ಉಕ್ಕಿನ ಮೊನೆಯಿಂದ ಕೊರೆದಿದ್ದಾರೆ. ಕೊರೆದ ಮೇಲೆ ಎಣ್ಣೆಯಲ್ಲಿ ಕಲಸಿದ ದೀಪದ ಮಸಿಯನ್ನೋ ಇದ್ದಿಲ ಪುಡಿಯನ್ನೋ ಹಚ್ಚಿ ಒರೆಸುತ್ತಿದ್ದರು. ಮೇಲ್ಮೈಯ ಮಸಿ ಹೋಗಿ, ಗೀರಿನೊಳಗಿನದು ಮಾತ್ರ ಉಳಿಯುತ್ತಿತ್ತು. ಕಾಲಕ್ರಮದಲ್ಲಿ ಅದೂ ಉದುರಿದರೆ ಓಲೆ ಖಾಲಿಯಂತೆ ಕಾಣುತ್ತದೆ. ಗೀರು ಎಲ್ಲಿಗೂ ಹೋಗಿರುವುದಿಲ್ಲ.

ಮೊದಲು ಮಾಡಬೇಕಾದದ್ದು: ಬಿಳಿ ಹತ್ತಿ ಬಟ್ಟೆ ಹಾಸಿದ ಅಗಲವಾದ ಮೇಜು, ಒಣಗಿದ ಶುಚಿಯಾದ ಕೈ, ಮೃದು ಕೂದಲಿನ ಬಣ್ಣದ ಬ್ರಷ್ಷು. ದಾರ ಗಟ್ಟಿಯಾಗಿದ್ದರೆ ಎಳೆಯಬೇಡಿ, ಕತ್ತರಿಸಿ ತೆಗೆಯಿರಿ. ಎಳೆದರೆ ರಂಧ್ರದ ಅಂಚು ಹರಿಯುತ್ತದೆ. ಗರಿಗಳ ಕ್ರಮ ಕೆಡದಂತೆ ಒಂದೊಂದನ್ನೇ ಎತ್ತಿ, ನಾರಿನ ಉದ್ದಕ್ಕೆ ಮಾತ್ರ ಬ್ರಷ್ ಆಡಿಸಿ. ಗರಿಯ ಸಂಖ್ಯೆ ಸಾಮಾನ್ಯವಾಗಿ ಅಂಚಿನಲ್ಲೇ ಕೊರೆದಿರುತ್ತದೆ, ಹಾಗಾಗಿ ನೀವು ಪೆನ್ನಿನಲ್ಲಿ ನಂಬರು ಹಾಕುವ ಅಗತ್ಯವಿಲ್ಲ. ಎರಡು ಗರಿ ಅಂಟಿಕೊಂಡಿದ್ದರೆ ಬಿಡಿಸಲು ಹೋಗಬೇಡಿ. ಉಗುರು ಹಾಕಿ ಎತ್ತಿದರೆ ಮೇಲಿನ ಪದರ ಅಕ್ಷರಸಮೇತ ಕಿತ್ತು ಬರುತ್ತದೆ.

ಫೋಟೋಗೆ ಫ್ಲ್ಯಾಷ್ ಬಳಸಬೇಡಿ. ನೇರ ಬೆಳಕು ಗೀರನ್ನು ಮುಚ್ಚಿಬಿಡುತ್ತದೆ. ಕೋಣೆ ಕತ್ತಲು ಮಾಡಿ, ಒಂದೇ ಒಂದು ಎಲ್‌ಇಡಿ ದೀಪವನ್ನು ಗರಿಯ ಪಕ್ಕದಲ್ಲಿ, ಮೇಜಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ ಇಡಿ. ಓರೆ ಬೆಳಕಿನಲ್ಲಿ ಪ್ರತಿ ಗೀರಿಗೂ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಗರಿಗೆ ಸಮಾಂತರವಾಗಿ ಹಿಡಿಯಿರಿ. ಉದ್ದದ ಗರಿಯನ್ನು ಒಂದೇ ಚಿತ್ರದಲ್ಲಿ ಹಿಡಿದರೆ ಅಕ್ಷರ ತೀರ ಸಣ್ಣದಾಗುತ್ತದೆ. ಮೂರು ಭಾಗ ಮಾಡಿ, ಒಂದರ ಕೊನೆ ಇನ್ನೊಂದರಲ್ಲಿ ಎರಡು ಬೆರಳಗಲ ಬರುವಂತೆ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಎರಡೂ ಮಗ್ಗುಲು ತೆಗೆದ ಮೇಲೆಯೇ ಮುಂದಿನ ಗರಿ.

ಮಜ್ಜಿಗೆ ಹುಲ್ಲಿನ ಎಣ್ಣೆ ಹಚ್ಚಬೇಕೆಂದು ಯಾರಾದರೂ ಹೇಳಿರಬಹುದು. ಅದು ಗರಿಗೆ ಬಳುಕು ಕೊಡುತ್ತದೆ, ಹುಳು ದೂರವಿಡುತ್ತದೆ; ಗ್ರಂಥಭಂಡಾರಗಳಲ್ಲಿ ಬಳಕೆಯಲ್ಲಿದೆ. ಆದರೆ ಮಸಿಯಲ್ಲಿ ಬರೆದ ಗರಿಗೋ, ಮೂಡುಬಿದಿರೆಯಲ್ಲಿರುವ ಧವಲಾ ಎಂಬ ಜೈನ ಗ್ರಂಥದ ಪ್ರತಿಗಳಲ್ಲಿರುವಂತೆ ಬಣ್ಣದ ಚಿತ್ರಗಳಿರುವ ಗರಿಗೋ ಎಣ್ಣೆ ತಾಗಿದರೆ ಹಾನಿ. ಕೊರೆದದ್ದೋ ಬರೆದದ್ದೋ ನಿಮಗೆ ಖಚಿತವಾಗದಿದ್ದರೆ ಎಣ್ಣೆಯ ತಂಟೆಗೆ ಹೋಗದಿರುವುದೇ ಸರಿ. ಫೋಟೋ ತೆಗೆದ ಮೇಲೆ ಹಳೆಯ ಹಲಗೆಗಳ ನಡುವೆಯೇ ಇಟ್ಟು, ಗಂಜಿ ಹಾಕದ ಹತ್ತಿ ಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲ ಮಲೆನಾಡಿನ ಮಳೆಗಾಲಕ್ಕೆ ಅತ್ಯಂತ ಕೆಟ್ಟದ್ದು, ಒಳಗೇ ಬೂಸಲು ಹಿಡಿಯುತ್ತದೆ.

ಓದಿಸುವುದಕ್ಕೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆ ಇವೆ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದ್ದು ಈ ಪ್ರಾಚ್ಯವಿದ್ಯಾ ಸಂಶೋಧನಾಲಯದ ಭಂಡಾರದಲ್ಲಿದ್ದ ಓಲೆಕಟ್ಟಿನಲ್ಲೇ. 1909ರಲ್ಲಿ ಅದು ಅಚ್ಚಾಯಿತು. ನಿಮ್ಮ ಕಟ್ಟಿನಲ್ಲಿ ಇರುವುದು ಮನೆಯ ಸಾಲದ ಲೆಕ್ಕವೇ ಆಗಿದ್ದರೂ ಬಿಸಾಡಬೇಡಿ. ಊರಿನ ಬೆಲೆ, ಅಳತೆ, ಹೆಸರುಗಳು ಬೇರೆಲ್ಲೂ ಸಿಗುವುದಿಲ್ಲ.

ಸರ್ಕಾರಿ ಫೈಲಿಗೆ ‘ಕಡತ’ ಎಂಬ ಹೆಸರು ಹೇಗೆ ಬಂತು? — ಚಿತ್ರದುರ್ಗದ ವಿದ್ಯಾರ್ಥಿನಿ

ಕಡತ ಎಂಬುದು ಬಟ್ಟೆಯ ಪುಸ್ತಕ. ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಗಟ್ಟಿ ಬಟ್ಟೆಗೆ ಎರಡೂ ಕಡೆ ಬಳಿಯುತ್ತಿದ್ದರು. ಒಣಗಿದರೆ ಕಪ್ಪು ಹಲಗೆಯಂತಾಗುತ್ತದೆ. ಅದನ್ನು ಬೀಸಣಿಗೆಯ ಹಾಗೆ ಮಡಿಸಿ ಎರಡು ತುದಿಗೆ ಮರದ ಪಟ್ಟಿ ಕೊಟ್ಟು, ಬಳಪದ ಕಡ್ಡಿಯಿಂದ ಬಿಳಿಯಾಗಿ ಬರೆಯುತ್ತಿದ್ದರು. ಅಂಗಡಿಯ ಲೆಕ್ಕ, ಮಠದ ದಾಖಲೆ, ಆಡಳಿತದ ಪತ್ರ ಎಲ್ಲಕ್ಕೂ ಇದೇ. ಶೃಂಗೇರಿ ಮಠದ ಕಡತಗಳು ಚರಿತ್ರೆ ಬರೆಯುವವರಿಗೆ ಇವತ್ತಿಗೂ ಆಕರ. ಒರೆಸಿ ಮತ್ತೆ ಬಳಿದು ಬರೆಯಬಹುದಾಗಿದ್ದದ್ದು ಅದರ ಅನುಕೂಲ. ಅದೇ ಅದರ ಅಪಾಯ ಕೂಡ. ಬಟ್ಟೆ ಹೋಗಿ ಕಾಗದ ಬಂದಾಗ ಹೆಸರು ಹಾಗೇ ಉಳಿಯಿತು. ಈಗ ಕಾಗದವೂ ಹೋಗಿ ಕಚೇರಿಗಳಲ್ಲಿ ‘ಇ-ಕಡತ’ ಬಂದಿದೆ.

ತಂದೆಯವರ 1960ರ ದಶಕದ ದಿನಚರಿ ಇಂಕಿನಲ್ಲಿದೆ, ಕೆಲವು ಪುಟ ಮಾಸಿವೆ. ಲ್ಯಾಮಿನೇಷನ್ ಮಾಡಿಸಲೇ? ನಾನು ಈಗ ಬರೆಯುವ ದಿನಚರಿಗೆ ಯಾವ ಪೆನ್ನು ಒಳ್ಳೆಯದು? — ಹುಬ್ಬಳ್ಳಿಯ ಓದುಗರು

ಲ್ಯಾಮಿನೇಷನ್ ಬೇಡ. ಬಿಸಿಯಲ್ಲಿ ಕರಗಿ ಅಂಟಿದ ಪ್ಲಾಸ್ಟಿಕ್ಕನ್ನು ಮುಂದೆ ಯಾರೂ ಬಿಡಿಸಲಾರರು, ಕಾಗದದಲ್ಲಿರುವ ಆಮ್ಲ ಒಳಗೇ ಕೆಲಸ ಮಾಡುತ್ತಿರುತ್ತದೆ. ಸೆಲ್ಲೋಟೇಪೂ ಬೇಡ, ಕೆಲವೇ ವರ್ಷದಲ್ಲಿ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಇಂಕನ್ನೂ ಹರಡುತ್ತದೆ. ತುಕ್ಕು ಹಿಡಿದ ಗುಂಡುಸೂಜಿ, ಸ್ಟೇಪಲ್ ಪಿನ್ನುಗಳಿದ್ದರೆ ಮೆಲ್ಲಗೆ ಬಿಚ್ಚಿ ತೆಗೆಯಿರಿ.

ಮಾಸಿದ ಪುಟಗಳನ್ನು ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಿ. ಕಪ್ಪುಬಿಳುಪು ಮಾಡಿದರೆ ತೆಳು ನೀಲಿ ಗೆರೆ ಹಾರಿಹೋಗುತ್ತದೆ. ಸ್ಪಷ್ಟ ಪುಟಕ್ಕೆ 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಸಾಕು, ಮಾಸಿದ್ದಕ್ಕೆ 600. ಸ್ಕ್ಯಾನರಿನ ‘ಸ್ವಯಂ ತಿದ್ದುಪಡಿ’ಯನ್ನು ಆಫ್ ಮಾಡಿಡಿ. ಬೆಳಕು ಹೆಚ್ಚುಕಡಿಮೆ ಮಾಡುವ ಕೆಲಸವನ್ನು ಮೂಲ ಚಿತ್ರದ ಇನ್ನೊಂದು ಪ್ರತಿಯ ಮೇಲೆ ಮಾಡಿ.

ಪೆನ್ನಿನ ವಿಷಯಕ್ಕೆ ಬಂದರೆ, ನೋಡಬೇಕಾದದ್ದು ಬಣ್ಣ ಯಾವುದರಿಂದ ಬಂದಿದೆ ಎಂಬುದನ್ನು. ಮಾಮೂಲಿ ಫೌಂಟನ್ ಪೆನ್ ಇಂಕು ನೀರಿನಲ್ಲಿ ಕರಗುವ ಬಣ್ಣ. ಬಿಸಿಲಿಗೆ ಮಾಸುತ್ತದೆ, ನೀರು ಬಿದ್ದರೆ ಹರಿಯುತ್ತದೆ. ಬಾಲ್‌ಪೆನ್ನಿನ ಇಂಕು ಎಣ್ಣೆಯಂಥ ದ್ರವದಲ್ಲಿ ಕಲಸಿದ ಬಣ್ಣ. ನೀರಿಗೆ ಹೆದರುವುದಿಲ್ಲ, ಬೆಳಕಿಗೆ ಹೆದರುತ್ತದೆ. ‘ಪಿಗ್ಮೆಂಟ್’ ಎಂದು ಬರೆದಿರುವ ಕಪ್ಪು ಜೆಲ್ ಪೆನ್ನು ಅಥವಾ ಇಂಕಿನಲ್ಲಿ ಬಣ್ಣದ ಕಣಗಳೇ ಇರುತ್ತವೆ. ಅವು ಕಾಗದದ ನಾರಿಗೆ ಹಿಡಿದು ಕೂರುತ್ತವೆ. ಹಿಂದಿನವರ ದೀಪದ ಮಸಿ ಮತ್ತು ಜಾಲಿ ಗೋಂದಿನ ಮಸಿ ಇದೇ ಜಾತಿ, ಕಪ್ಪು ಇಂಗಾಲ ಮಾಸುವುದಿಲ್ಲ. ಆದರೆ ಪಿಗ್ಮೆಂಟ್ ಇಂಕನ್ನು ಫೌಂಟನ್ ಪೆನ್ನಿಗೆ ತುಂಬಿ ತಿಂಗಳುಗಟ್ಟಲೆ ಬಿಟ್ಟರೆ ನಿಬ್ಬಿನ ಕೆಳಗಿನ ನಾಲಗೆಯಲ್ಲಿ ಗಟ್ಟಿಯಾಗುತ್ತದೆ, ಎರಡು ವಾರಕ್ಕೊಮ್ಮೆ ತಣ್ಣೀರಿನಲ್ಲಿ ತೊಳೆಯಬೇಕು.

ಇನ್ನೊಂದು ಮಾತು. ಲೇಸರ್ ಪ್ರಿಂಟು, ಜೆರಾಕ್ಸು ಎರಡರಲ್ಲೂ ಇರುವುದು ಇಂಗಾಲ ಬೆರೆಸಿದ ಪ್ಲಾಸ್ಟಿಕ್ ಪುಡಿ. ಬಿಸಿಯಲ್ಲಿ ಕಾಗದಕ್ಕೆ ಕರಗಿ ಅಂಟಿರುತ್ತದೆ, ಬಾಳಿಕೆ ಒಳ್ಳೆಯದು. ಅದನ್ನು ಪಿವಿಸಿ ಹಾಳೆಚೀಲಕ್ಕೆ ಹಾಕಿದರೆ ಮಾತ್ರ ಅಕ್ಷರ ಚೀಲಕ್ಕೆ ಅಂಟಿಕೊಂಡು ಬರುತ್ತದೆ. ಅಂಗಡಿಯ ಬಿಲ್ಲು, ಎಟಿಎಂ ಚೀಟಿ ಬೇರೆಯೇ ಜಾತಿ. ಅವು ಶಾಖಕ್ಕೆ ಕಪ್ಪಾಗುವ ಕಾಗದ, ಇಂಕೇ ಇಲ್ಲ. ಬೇಕಾದದ್ದನ್ನು ಕೂಡಲೇ ಜೆರಾಕ್ಸ್ ಮಾಡಿಸಿಡಿ.

ನಾನು ಕನ್ನಡ ಟೈಪಿಂಗ್ ಕಲಿತದ್ದು ಯಂತ್ರದ ಮೇಲೆ. ಈಗ ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ಕೀಲಿಮಣೆ, ಇನ್‌ಸ್ಕ್ರಿಪ್ಟ್, ಇಂಗ್ಲಿಷಿನಲ್ಲಿ ಹೊಡೆದರೆ ಕನ್ನಡ ಬರುವುದು ಎಂದೆಲ್ಲ ಇದೆ. ಯಾವುದನ್ನು ಕಲಿಯಲಿ? — ದಾವಣಗೆರೆಯ ನಿವೃತ್ತ ನೌಕರರು

ನಿಮ್ಮ ಯಂತ್ರ ಅಕ್ಷರವನ್ನು ಬರೆಯುತ್ತಿರಲಿಲ್ಲ, ಅಕ್ಷರದ ತುಂಡುಗಳನ್ನು ಜೋಡಿಸುತ್ತಿತ್ತು. ಅನಂತ ಸುಬ್ಬರಾವ್ ಅವರು ಕನ್ನಡ ಬೆರಳಚ್ಚಿನ ಕೀಲಿಮಣೆ ರೂಪಿಸುವಾಗ ಎದುರಾದ ತೊಡಕು ಇದೇ: ಯಂತ್ರದಲ್ಲಿರುವುದು ತೊಂಬತ್ತರ ಆಸುಪಾಸಿನ ಅಚ್ಚು, ಗುಣಿತ ಒತ್ತು ಸೇರಿಸಿದರೆ ಕನ್ನಡಕ್ಕೆ ಬೇಕಾದ ರೂಪಗಳು ಸಾವಿರಾರು. ಆದ್ದರಿಂದ ಅಕ್ಷರದ ಮೈ ಒಂದು ಕೀಲಿ, ತಲೆಕಟ್ಟು ಇನ್ನೊಂದು, ಒತ್ತು ಮತ್ತೊಂದು. ಒತ್ತು ಹೊಡೆಯುವಾಗ ಕಾಗದ ಮುಂದೆ ಸರಿಯದಂಥ ಕೀಲಿಗಳೂ ಇದ್ದವು.

ಕೆ.ಪಿ. ರಾವ್ ಅವರ ವಿನ್ಯಾಸ ಈ ತುಂಡು ಲೆಕ್ಕವನ್ನೇ ಬಿಟ್ಟು ಉಚ್ಚಾರಣೆಯ ಲೆಕ್ಕ ಹಿಡಿಯಿತು. ವ್ಯಂಜನ ಒತ್ತಿದರೆ ‘ಅ’ಕಾರ ಸೇರಿಯೇ ಬರುತ್ತದೆ, ಮುಂದೆ ಸ್ವರ ಒತ್ತಿದರೆ ಗುಣಿತವಾಗುತ್ತದೆ, ಎಫ್ ಒತ್ತಿದರೆ ಅರ್ಧಾಕ್ಷರ. ‘ಕನ್ನಡ’ ಎಂದರೆ ಕೆ, ಎನ್, ಎಫ್, ಎನ್, ಡಬ್ಲ್ಯು: ಐದೇ ಪೆಟ್ಟು. ‘ಸ್ತ್ರೀ’ ಎಂದರೆ ಎಸ್, ಎಫ್, ಟಿ, ಎಫ್, ಆರ್, ದೊಡ್ಡ ಐ. ಟ, ಡ ಎರಡಕ್ಕೂ ಇಂಗ್ಲಿಷ್ ಅಕ್ಷರ ಸಾಲದೆ ಕ್ಯು, ಡಬ್ಲ್ಯು ಕೊಟ್ಟಿದ್ದಾರೆ. ಎರಡೇ ದಿನ ಗೊಂದಲ, ಆಮೇಲೆ ಕೈ ತಾನೇ ಹೋಗುತ್ತದೆ. ಇದನ್ನೇ ಸಣ್ಣಪುಟ್ಟ ಬದಲಾವಣೆಯೊಂದಿಗೆ ಕರ್ನಾಟಕ ಸರ್ಕಾರ ಅಧಿಕೃತ ಕೀಲಿಮಣೆ ಎಂದು ಒಪ್ಪಿತು, ಸರ್ಕಾರದ ಕನ್ನಡ ತಂತ್ರಾಂಶವಾದ ‘ನುಡಿ’ಯಲ್ಲಿರುವುದು ಇದೇ. ಲಿನಕ್ಸಿನಲ್ಲಿ ‘ಕಗಪ’ (ಕನ್ನಡ ಗಣಕ ಪರಿಷತ್ತು) ಎಂಬ ಹೆಸರಿನಲ್ಲಿ ಸಿಗುತ್ತದೆ.

ಇನ್‌ಸ್ಕ್ರಿಪ್ಟಿನಲ್ಲೂ ‘ಕನ್ನಡ’ಕ್ಕೆ ಐದೇ ಪೆಟ್ಟು. ಸ್ವರಗಳು ಎಡಗೈಗೆ, ವ್ಯಂಜನಗಳಲ್ಲಿ ಹೆಚ್ಚಿನವು ಬಲಗೈಗೆ ಇರುವುದರಿಂದ ಕೈಗಳು ಸರದಿಯಲ್ಲಿ ಕೆಲಸ ಮಾಡುತ್ತವೆ, ವೇಗ ಬರುತ್ತದೆ. ಹಿಂದಿ, ತೆಲುಗು ಟೈಪ್ ಮಾಡುವವರಿಗೆ ಅದೇ ಕೀಲಿಸ್ಥಾನ. ವಿಂಡೋಸ್‌ನಲ್ಲಿ ಬೇರೆ ತಂತ್ರಾಂಶ ಬೇಕಿಲ್ಲ: ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿ, ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಬದಲಿಸಿಕೊಳ್ಳಬಹುದು.

ಇಂಗ್ಲಿಷ್ ಲಿಪಿಯಲ್ಲಿ ಉಚ್ಚಾರಣೆ ಹೊಡೆಯುವ ವಿಧಾನ, ಅಂದರೆ 1998ರಲ್ಲಿ ಬಂದ ‘ಬರಹ’ ತಂತ್ರಾಂಶ ಮನೆಮನೆಗೆ ಮುಟ್ಟಿಸಿದ ಲಿಪ್ಯಂತರ, ಕಲಿಯಲು ತೀರ ಸುಲಭ. ಆದರೆ ಪ್ರತಿ ‘ಅ’ಕಾರಕ್ಕೂ ಒಂದು ಪೆಟ್ಟು ಬೇಕು; ‘ಕನ್ನಡ’ಕ್ಕೆ ಏಳು. ದಿನಕ್ಕೆ ನಾಲ್ಕು ಸಾಲು ಬರೆಯುವವರಿಗೆ ಅದು ಲೆಕ್ಕಕ್ಕಿಲ್ಲ. ದಿನಕ್ಕೆ ಹತ್ತು ಪುಟ ಬರೆಯುವವರಿಗೆ ಬೆರಳುನೋವು. ಟೈಪಿಂಗ್ ಶಿಸ್ತು ಇರುವ ನಿಮಗೆ ನಮ್ಮ ಸಲಹೆ ಕೆ.ಪಿ. ರಾವ್ ವಿನ್ಯಾಸವೇ. ದಿನಕ್ಕೆ ಅರ್ಧ ಗಂಟೆ ಕೂತರೆ ಸಾಕು, ಕೀಲಿಗಳ ಮೇಲೆ ಚೀಟಿ ಮಾತ್ರ ಅಂಟಿಸಬೇಡಿ. ಚೀಟಿ ನೋಡುವ ಕಣ್ಣು ಪರದೆ ನೋಡುವುದಿಲ್ಲ.

2001ರಿಂದ 2009ರವರೆಗೆ ಬರೆದ ಕತೆ, ಲೇಖನಗಳೆಲ್ಲ ಕಂಪ್ಯೂಟರಿನಲ್ಲಿವೆ. ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡದ ಬದಲು ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟಿರುವ ಎ ಅಕ್ಷರ ಕಾಣುತ್ತವೆ. ಎಲ್ಲ ಹಾಳಾಯಿತೇ? — ಧಾರವಾಡದ ಲೇಖಕಿ

ಏನೂ ಹಾಳಾಗಿಲ್ಲ. ಫೈಲನ್ನು ಆ ಸ್ಥಿತಿಯಲ್ಲಿ ತಿದ್ದಿ ಸೇವ್ ಮಾಡಬೇಡಿ, ಅಷ್ಟೇ.

ಆಗಿನ ಕನ್ನಡ ಫಾಂಟುಗಳು ಬೆರಳಚ್ಚು ಯಂತ್ರದ ಬುದ್ಧಿಯನ್ನೇ ಕಂಪ್ಯೂಟರಿಗೆ ತಂದಿದ್ದವು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ನುಡಿ ಫಾಂಟಿನಲ್ಲಿ ‘ಕ’ದ ಮೈ ಇರುವುದು ದೊಡ್ಡ ಪಿ ಜಾಗದಲ್ಲಿ, ತಲೆಕಟ್ಟು ಇರುವುದು ನೀವು ಹೇಳಿದ ಗೀಟಿನ ಎ ಜಾಗದಲ್ಲಿ, ‘ನ’ದ ಮೈ ಪೌಂಡ್ ಚಿಹ್ನೆಯ ಜಾಗದಲ್ಲಿ. ‘ಕನ್ನಡ’ ಎಂಬ ಪದ ಆ ಫೈಲಿನಲ್ಲಿ ಏಳು ತುಂಡು. ಕಂಪ್ಯೂಟರಿಗೆ ಅದು ಕನ್ನಡವೆಂದೇ ಗೊತ್ತಿಲ್ಲ. ಫಾಂಟು ಮೇಲೆ ಹೊದಿಸಿದ ವೇಷ ಅಷ್ಟೇ. ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ. ಯೂನಿಕೋಡ್ ಇದಕ್ಕೆ ವಿರುದ್ಧ: ಕನ್ನಡಕ್ಕೇ ಮೀಸಲಾದ 128 ಸ್ಥಾನಗಳಲ್ಲಿ ಪ್ರತಿ ಅಕ್ಷರಕ್ಕೂ ಚಿಹ್ನೆಗೂ ತನ್ನದೇ ಸಂಖ್ಯೆ. ಅಲ್ಲಿ ‘ಕನ್ನಡ’ ಐದು ಸಂಕೇತ: ಕ, ನ, ಅರ್ಧಾಕ್ಷರ ಚಿಹ್ನೆ, ನ, ಡ. ಒತ್ತನ್ನು ಎಲ್ಲಿ, ಹೇಗೆ ಬರೆಯಬೇಕೆಂಬುದು ಫಾಂಟಿನ ಚಿಂತೆ.

ಪರಿವರ್ತನೆ ಹೀಗೆ ಮಾಡಿ. ಮೂಲ ಫೈಲುಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ ‘ಓದಲು ಮಾತ್ರ’ ಎಂದು ಗುರುತು ಮಾಡಿಡಿ. ಕೆಲಸವೆಲ್ಲ ಪ್ರತಿಯ ಮೇಲೆ. ವರ್ಡ್‌ನಲ್ಲಿ ಒಂದು ಫೈಲು ತೆರೆದು, ಸ್ವಲ್ಪ ಭಾಗ ಆಯ್ದು, ಮೇಲಿನ ಪೆಟ್ಟಿಗೆಯಲ್ಲಿ ಫಾಂಟಿನ ಹೆಸರು ಓದಿ. ‘ನುಡಿ’ ಎಂದಿದ್ದರೆ ನುಡಿಯ ಪರಿವರ್ತಕ, ‘ಬಿಆರ್‌ಎಚ್’ ಎಂದಿದ್ದರೆ ಬರಹದ ಪರಿವರ್ತಕ, ‘ಶ್ರೀ’ ಎಂದು ಶುರುವಾದರೆ ಶ್ರೀಲಿಪಿಗೆಂದೇ ಮಾಡಿದ್ದು ಬೇಕು. ಇದನ್ನು ತಪ್ಪಿದರೆ ಬರುವುದು ಕನ್ನಡ ಲಿಪಿಯ ಕಸ. ಮೊದಲು ಒಂದೇ ಪುಟ ಪರಿವರ್ತಿಸಿ, ಮೂಲದ ಮುದ್ರಿತ ಪ್ರತಿ ಇದ್ದರೆ ಪಕ್ಕದಲ್ಲಿಟ್ಟು ಓದಿ. ಸರಿ ಬಂದ ಮೇಲೆ ಉಳಿದದ್ದು.

ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕಕ್ಕೆ ಅವೂ ಕನ್ನಡದ ತುಂಡುಗಳಂತೆಯೇ ಕಾಣುತ್ತವೆ, ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಅಂಥವನ್ನು ಮೊದಲೇ ಗುರುತಿಸಿ, ಅವುಗಳ ಜಾಗದಲ್ಲಿ 001, 002 ಎಂಬಂಥ ಸಂಖ್ಯೆಯನ್ನು ಹಾಕಿ ಪಟ್ಟಿ ಮಾಡಿಕೊಂಡರೆ ಆಮೇಲೆ ತಿರುಗಿ ಸೇರಿಸಬಹುದು. ಅಡಿಟಿಪ್ಪಣಿ, ಕೋಷ್ಟಕಗಳನ್ನು ಕೈಯಲ್ಲೇ ತಿರುಗಿ ಕೂರಿಸಬೇಕಾದೀತು.

ಮುಗಿದ ಮೇಲೆ ಮೂರು ಹುಡುಕಾಟ ಮಾಡಿ. ಗೀಟಿನ ಎ ಅಕ್ಷರ ಹುಡುಕಿ: ತಲೆಕಟ್ಟು ಬಹುಪಾಲು ಪದಗಳಲ್ಲಿ ಇರುವುದರಿಂದ ಪರಿವರ್ತನೆಯಾಗದ ಸಾಲು ಎಲ್ಲಿದ್ದರೂ ಅದು ಸಿಕ್ಕಿಬೀಳುತ್ತದೆ. ಆಮೇಲೆ ‘ಕನಾರ್ಟಕ’, ‘ಸವರ್’, ‘ಮಾಗರ್’ ಹುಡುಕಿ. ಹಳೆಯ ಫೈಲಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಬಳಿಕ ಇರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ಮುಂಚೆ ಬರಬೇಕು. ಕಳಪೆ ಪರಿವರ್ತಕ ಅದನ್ನು ಸರಿಸದೆ ಬಿಟ್ಟರೆ ಕರ್ನಾಟಕ ಕನಾರ್ಟಕವಾಗುತ್ತದೆ, ಸರ್ವ ಸವರ್ ಆಗುತ್ತದೆ. ಒಂದು ಸಿಕ್ಕಿದರೂ ಆ ಪರಿವರ್ತಕ ಬಿಟ್ಟು ಇನ್ನೊಂದನ್ನು ಹಿಡಿಯುವುದು ಲೇಸು, ಕೈಯಲ್ಲಿ ತಿದ್ದುತ್ತಾ ಕೂತರೆ ಮುಗಿಯುವುದಿಲ್ಲ. ಕೊನೆಗೆ ಸೊನ್ನೆ. ಅಂಕಿಯ ‘೦’, ಅನುಸ್ವಾರದ ‘ಂ’ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು. ಅನುಸ್ವಾರದ ಜಾಗದಲ್ಲಿ ಅಂಕಿ ಕೂತಿದ್ದರೆ ‘ಕಂಬ’ ಎಂದು ಹುಡುಕಿದಾಗ ಅದು ಸಿಗುವುದೇ ಇಲ್ಲ. ಅಂಕಿ ಸೊನ್ನೆಯನ್ನು ಹುಡುಕಿ, ಅಕ್ಷರದ ಪಕ್ಕದಲ್ಲಿದ್ದರೆ ಬದಲಿಸಿ.

ಒಂಬತ್ತು ವರ್ಷದ ಬರವಣಿಗೆಯಲ್ಲವೇ, ದಿನಕ್ಕೆ ಒಂದು ಲೇಖನದಂತೆ ಹಿಡಿದರೂ ಮಾಡಿ ಮುಗಿಸಿ. ಆ ಫಾಂಟುಗಳು ಇರುವಷ್ಟು ದಿನ ಈ ಕೆಲಸ ಸುಲಭ.

‘ರ‍್ಯಾಂಕ್’ ಎಂದು ಬರೆದರೆ ‘ರ್ಯಾಂಕ್’ ಆಗುತ್ತದೆ. ‘ಸಾಫ್ಟ್‌ವೇರ್’ನಲ್ಲಿ ವೇ ಕೆಳಗೆ ಇಳಿದು ಒತ್ತಾಗುತ್ತದೆ. — ಪುಣೆಯಿಂದ ಕನ್ನಡ ಸಂಘದ ಸದಸ್ಯರು

ಕಣ್ಣಿಗೆ ಕಾಣದ ಎರಡು ಸಂಕೇತಗಳು ಇದಕ್ಕೆಂದೇ ಇವೆ. ಒಂದು ಅಕ್ಷರಗಳನ್ನು ಬಿಡಿಸುತ್ತದೆ, ಸಂಖ್ಯೆ 200ಸಿ. ಇನ್ನೊಂದು ಕೂಡಿಸುತ್ತದೆ, ಸಂಖ್ಯೆ 200ಡಿ. ‘ಸಾಫ್ಟ್’ ಆದ ಮೇಲೆ ಬಿಡಿಸುವ ಸಂಕೇತ ಹಾಕಿ ‘ವೇರ್’ ಬರೆದರೆ ಒತ್ತಾಗುವುದಿಲ್ಲ. ಕಗಪ ವಿನ್ಯಾಸದ ಹಲವು ತಂತ್ರಾಂಶಗಳಲ್ಲಿ ಎಫ್ ಕೀಲಿಯನ್ನು ಎರಡು ಸಲ ಒತ್ತಿದರೆ ಇದೇ ಬರುತ್ತದೆ. ‘ರ‍್ಯಾಂಕ್’ಗೆ ಕ್ರಮ ಬೇರೆ: ಮೊದಲು ರ, ಅದರ ಬೆನ್ನಿಗೇ ಕೂಡಿಸುವ ಸಂಕೇತ, ಆಮೇಲೆ ಅರ್ಧಾಕ್ಷರ ಚಿಹ್ನೆ, ಆಮೇಲೆ ಯ ಮತ್ತು ದೀರ್ಘ. ಚಿಹ್ನೆ ಮೊದಲು, ಸಂಕೇತ ಆಮೇಲೆ ಹಾಕಿದರೆ ಆಗುವುದಿಲ್ಲ, ತಪ್ಪುವುದು ಇಲ್ಲೇ. ಕೀಲಿಮಣೆಯಲ್ಲಿ ಸಿಗದಿದ್ದರೆ ವರ್ಡ್‌ನಲ್ಲಿ ಆ ನಾಲ್ಕು ಅಂಕಿ-ಅಕ್ಷರವನ್ನು ಇಂಗ್ಲಿಷ್ ಕೀಲಿಯಲ್ಲಿ ಬರೆದು ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ. ಸಂಖ್ಯೆ ಮಾಯವಾಗಿ ಸಂಕೇತ ಕೂರುತ್ತದೆ.

ಕನ್ನಡದಲ್ಲಿ ಎಸ್‌ಎಂಎಸ್ ಕಳಿಸಿದರೆ ಬೇಗ ಎರಡು ಸಂದೇಶವಾಗುತ್ತದೆ, ಯಾಕೆ? — ಮಂಡ್ಯದ ಓದುಗರು

ಬರಿಯ ಇಂಗ್ಲಿಷಿನ ಸಂದೇಶದಲ್ಲಿ ಅಕ್ಷರಕ್ಕೆ 7 ಬಿಟ್ ಸಾಕು, 160 ಹಿಡಿಯುತ್ತವೆ. ಕನ್ನಡದ ಒಂದೇ ಅಕ್ಷರ ಸೇರಿದರೂ ಇಡೀ ಸಂದೇಶ 16 ಬಿಟ್ ಲೆಕ್ಕಕ್ಕೆ ಬರುತ್ತದೆ, ಆಗ ಹಿಡಿಯುವುದು 70 ಸಂಕೇತ. ಗುಣಿತ, ಅರ್ಧಾಕ್ಷರ ಎಲ್ಲವೂ ಎಣಿಕೆಗೆ ಸೇರುತ್ತವೆ.

ನಮ್ಮ ಊರಿನ ಪ್ರೆಸ್ಸಿನವರು ‘ಯೂನಿಕೋಡ್ ಬೇಡ, ನುಡಿಯಲ್ಲಿ ಕೊಡಿ’ ಎನ್ನುತ್ತಾರೆ. — ವಿಜಯಪುರದ ಲೇಖಕರು

ಅವರು ಪುಟ ಕಟ್ಟುತ್ತಿರುವುದು ಪೇಜ್‌ಮೇಕರ್ ಎಂಬ ಹಳೆಯ ತಂತ್ರಾಂಶದಲ್ಲಿ ಇರಬೇಕು. ಅದರ ಕೊನೆಯ ಆವೃತ್ತಿಯಾದ 7 ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಪುಟ ಕಟ್ಟುವ ಹೊಸ ತಂತ್ರಾಂಶವಾದ ಇನ್‌ಡಿಸೈನ್ ಇದ್ದೂ ಒತ್ತುಗಳು ಬಿಡಿಬಿಡಿಯಾಗಿ ಬರುತ್ತಿದ್ದರೆ ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಲು ಹೇಳಿ, ಸಿಎಸ್6ರಿಂದೀಚೆಗಿನ ಆವೃತ್ತಿಗಳಲ್ಲಿ ಅಷ್ಟರಿಂದಲೇ ಸರಿಹೋಗುತ್ತದೆ. ಪೇಜ್‌ಮೇಕರೇ ಗತಿ ಎಂದಾದರೆ ಯೂನಿಕೋಡಿನಲ್ಲೇ ಬರೆದು, ಅವರಿಗೆ ಕೊಡಲು ಮಾತ್ರ ನುಡಿಗೆ ಬದಲಿಸಿ. ಕರಡು ತಿದ್ದಿದ್ದನ್ನು ನಿಮ್ಮ ಯೂನಿಕೋಡ್ ಪ್ರತಿಯಲ್ಲೂ ಅದೇ ದಿನ ತಿದ್ದಿಕೊಳ್ಳಿ. ಪುಸ್ತಕ ಅಚ್ಚಾದ ಮೇಲೆ ತಿದ್ದುಪಡಿಯೆಲ್ಲ ಪ್ರೆಸ್ಸಿನ ಕಂಪ್ಯೂಟರಿನಲ್ಲೇ ಉಳಿದು, ಎರಡನೇ ಮುದ್ರಣಕ್ಕೆ ಮೊದಲಿಂದ ಟೈಪ್ ಮಾಡಿಸಿದ ಲೇಖಕರು ಬಹಳ ಮಂದಿ.

ಹಳೆಯ ಅಚ್ಚಿನ ಪುಸ್ತಕವನ್ನು ಟೈಪ್ ಮಾಡದೆ ಪಠ್ಯವಾಗಿಸಬಹುದೇ? ಬಾಯಲ್ಲಿ ಹೇಳಿ ಬರೆಸುವುದು ನಂಬಬಹುದೇ? — ಮಂಗಳೂರಿನ ಗ್ರಂಥಪಾಲಕಿ

ಅಚ್ಚಿನ ಪುಟಕ್ಕೆ ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯವಾಗಿಸುವ ತಂತ್ರ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಚಿತ್ರವನ್ನು ಗೂಗಲ್ ಡ್ರೈವಿಗೆ ಏರಿಸಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಚಿತ್ರದ ಕೆಳಗೆ ಪಠ್ಯ ಬರುತ್ತದೆ. ಅಂತರ್ಜಾಲ ಬೇಡವೆಂದರೆ ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶಕ್ಕೆ ಕನ್ನಡದ ಕಡತ ಸೇರಿಸಿಕೊಳ್ಳಬಹುದು. ಪುಟ ಒಂದೊಂದಾಗಿ, ಓರೆಯಿಲ್ಲದೆ, 300 ಡಿಪಿಐಯಲ್ಲಿ ಇರಲಿ; ಹಿಂಬದಿಯ ಅಕ್ಷರ ಇಣುಕುತ್ತಿದ್ದರೆ ಹಾಳೆಯ ಹಿಂದೆ ಕಪ್ಪು ಕಾಗದ ಇಡಿ. ಕರಡು ನೋಡುವವರು ವ–ಮ, ಪ–ಷ, ಥ–ಧ, ಎ–ಏ ಮತ್ತು ಮೇಲೆ ಹೇಳಿದ ಸೊನ್ನೆಯ ಮೇಲೆ ಕಣ್ಣಿಡಬೇಕು. ಮಹಾಪ್ರಾಣದ ಕೆಳಗಿನ ಸೀಳು ಹಳೆಯ ಮೊಳೆಗಳಲ್ಲಿ ಸವೆದಿರುತ್ತದೆ, ಯಂತ್ರ ಅದನ್ನು ಅಲ್ಪಪ್ರಾಣವೆಂದೇ ಓದುತ್ತದೆ. ನಿಮ್ಮ ಊರಿನಲ್ಲೇ 1843ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ದಂಥ ಕಲ್ಲಚ್ಚಿನ ಹಾಳೆಗಳಿಗೆ ಇದು ನಡೆಯದು. ಕಲ್ಲಚ್ಚಿನಲ್ಲಿರುವುದು ಕೈಬರಹ, ಮೊಳೆಯಲ್ಲ. ಅವನ್ನು ಓದಿ ಟೈಪ್ ಮಾಡುವುದೇ ದಾರಿ.

ಕನ್ನಡದ ಧ್ವನಿಟೈಪಿಂಗ್ ಗೂಗಲ್‌ನಲ್ಲಿ 2017ರಿಂದ ಇದೆ. ಪತ್ರಿಕೆಯ ಕನ್ನಡಕ್ಕೆ ಒಳ್ಳೆಯದು, ಆಡುಮಾತಿಗೆ ಎಡವುತ್ತದೆ. ‘ಹೋಗ್ತೀನಿ’ ಎಂದದ್ದನ್ನು ‘ಹೋಗುತ್ತೇನೆ’ ಎಂದು ತಿದ್ದಿಬಿಡಬಹುದು, ಹಾಗಾಗಿ ಜನಪದ ಗೀತೆ, ಸಂದರ್ಶನ ದಾಖಲಿಸುವವರು ಅದನ್ನು ನೆಚ್ಚಬಾರದು. ಮೂಲ ಧ್ವನಿಮುದ್ರಣ ಇಟ್ಟುಕೊಂಡೇ ಬರೆಯಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಎಲ್ಲಿ ಉಳಿಸಿಡಬೇಕು? ಪೆನ್‌ಡ್ರೈವ್ ಸಾಕೇ? — ಧಾರವಾಡದ ಅದೇ ಲೇಖಕಿ, ಮತ್ತು ಇನ್ನೂ ಕೆಲವರು

ಪೆನ್‌ಡ್ರೈವ್ ಸಾಗಿಸಲು, ಕೂಡಿಡಲು ಅಲ್ಲ. ಅದರಲ್ಲಿ ಅಕ್ಷರ ನಿಂತಿರುವುದು ಹಿಡಿದಿಟ್ಟ ವಿದ್ಯುತ್ತಿನ ಕಣಗಳಲ್ಲಿ. ವರ್ಷಗಟ್ಟಲೆ ಡಬ್ಬಿಯಲ್ಲಿ ಬಿಟ್ಟರೆ ಅವು ಸೋರಿಹೋಗಬಹುದು. ಮನೆಯಲ್ಲಿ ಬರೆದ ಸಿಡಿಗಳೂ ಹಾಗೆಯೇ, ಬಣ್ಣದ ಪದರ ಮಾಸುತ್ತದೆ; ಹಳೆಯ ಸಿಡಿಗಳಿದ್ದರೆ ಈ ವಾರವೇ ಬೇರೆಡೆಗೆ ಇಳಿಸಿಕೊಳ್ಳಿ. ಮೂರು ಪ್ರತಿ ಇರಲಿ: ಕಂಪ್ಯೂಟರಿನಲ್ಲೊಂದು, ಹೊರಗಿನ ಹಾರ್ಡ್‌ಡಿಸ್ಕಿನಲ್ಲೊಂದು, ಬೇರೆ ಊರಿನಲ್ಲೋ ಅಂತರ್ಜಾಲದಲ್ಲೋ ಒಂದು. ವರ್ಷಕ್ಕೊಮ್ಮೆ ಮೂರನ್ನೂ ತೆರೆದು ನೋಡಿ.

ಜಾಗದ ಚಿಂತೆ ಬೇಡ. ಎ4 ಪುಟವನ್ನು 300 ಡಿಪಿಐಯಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕುಗ್ಗಿಸದೆ ಇಟ್ಟರೆ ಸುಮಾರು 26 ಎಂಬಿ. ಯೂನಿಕೋಡ್ ಪಠ್ಯದಲ್ಲಿ ಕನ್ನಡದ ಸಂಕೇತವೊಂದಕ್ಕೆ 3 ಬೈಟು. ಪುಟಕ್ಕೆ 1,800 ಸಂಕೇತವೆಂದು ಹಿಡಿದರೆ 300 ಪುಟದ ಕಾದಂಬರಿ ಇಡಿಯಾಗಿ 1.6 ಎಂಬಿ. ಅದನ್ನು ವರ್ಡ್ ಫೈಲಿನ ಜೊತೆಗೆ ಬರಿಯ ಪಠ್ಯವಾಗಿಯೂ ಉಳಿಸಿ. ‘ಪ್ಲೇನ್ ಟೆಕ್ಸ್ಟ್’ ಆರಿಸಿದಾಗ ಸಂಕೇತ ಯಾವುದೆಂದು ಪೆಟ್ಟಿಗೆಯೊಂದು ಕೇಳುತ್ತದೆ. ಅಲ್ಲಿ ‘ಯೂನಿಕೋಡ್ ಯುಟಿಎಫ್-8’ ಆರಿಸಬೇಕು. ವಿಂಡೋಸಿನ ಮೂಲ ಆಯ್ಕೆಯನ್ನೇ ಒಪ್ಪಿ ಮುಂದೆ ಹೋದರೆ ಕನ್ನಡದ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗಿ ಉಳಿಯುತ್ತದೆ. ಆ ಚಿಹ್ನೆಗಳಿಂದ ಅಕ್ಷರವನ್ನು ಯಾವ ಪರಿವರ್ತಕವೂ ಮರಳಿ ತರಲಾರದು. ಉಳಿಸಿದ ಕೂಡಲೇ ಫೈಲು ಮುಚ್ಚಿ, ಮತ್ತೆ ತೆರೆದು, ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಓದಿ ನೋಡಿ.